ಬದಿಯ ತೂತಿನ ಗಂಜಿ

ಕೆಲಸದಲ್ಲಿದ್ದ ಮೂವತ್ತೆಂಟು ವರ್ಷಗಳಲ್ಲಿ ಎರಡು ಸಲ ಮೈಮೇಲೆ ಆಸಿಡ್ ಚೆಲ್ಲಿಕೊಂಡಿದ್ದೇನೆ. ಗಾಜು ಒಡೆದು ಅಂಗೈ ಕೊಯ್ದುಕೊಂಡದ್ದು ಎಷ್ಟು ಸಲವೋ ನೆನಪಿಲ್ಲ. ಇವು ಯಾವುವೂ ನನ್ನನ್ನು ನಡುಗಿಸಲಿಲ್ಲ. ನಡುಗಿಸಿದ್ದು ನಾನೇ ಬರೆದು ನಾನೇ ಸಹಿ ಮಾಡಿದ ಒಂದು ವರದಿ. ಅದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಪ್ರಯೋಗಶಾಲೆಯ ಕೆಲಸಕ್ಕೆ ಹೊಸದಾಗಿ ಸೇರುವವರು ಅದೊಂದನ್ನು ತಿಳಿದುಕೊಂಡರೆ ಸಾಕು ಎಂದು ಬರೆಯಲು ಕುಳಿತಿದ್ದೇನೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ವಿಜಾಪುರದಲ್ಲಿ ಈಗ ಗಾಂಧಿ ಚೌಕ ಎನ್ನುವ ಕಡೆ, ಒಂದು ಓಣಿಯಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ ಇತ್ತು. ನಾನು ಧಾರವಾಡದಲ್ಲಿ ಇಂಟರ್ ಸೈನ್ಸ್ ಓದಿ, ಮುಂದೆ ಓದಲಾಗದೆ ಊರಿಗೆ ಬಂದಿದ್ದೆ. ಸ್ಟೇಶನ್ ಕಡೆಯ ಒಂದು ಶೆಡ್ಡಿನಲ್ಲಿ ಹೊಸದಾಗಿ ಗಂಜಿ ಕಾರಖಾನೆ ಶುರುವಾಗಿತ್ತು. ಅಲ್ಲಿ ಪರೀಕ್ಷೆ ಮಾಡುವವನು ಬೇಕಾಗಿದ್ದ. ನನ್ನನ್ನು ತೆಗೆದುಕೊಂಡರು. ಅಲ್ಲಿ ಎಲ್ಲರೂ ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು.

ಗಂಜಿ ಎಂದರೆ ಉಣ್ಣುವ ಗಂಜಿಯಲ್ಲ. ಕಂಬಳಿ ನೇಯುವವರು ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳಿಗೆ ಹಾಸು ಎನ್ನುತ್ತಾರೆ. ಆ ಎಳೆಗಳಿಗೆ ಹುಣಸೆ ಬೀಜದ ಹಿಟ್ಟನ್ನು ಕುದಿಸಿ ಹಚ್ಚುತ್ತಾರೆ. ಅದರಿಂದ ಉಣ್ಣೆಯ ನೂಲು ಬಿಗಿಯಾಗಿ, ನೇಯುವಾಗ ಹರಿಯದೆ ನಿಲ್ಲುತ್ತದೆ. ಸೈನ್ಯಕ್ಕೆ ಕಂಬಳಿ ಬೇಕಾಗಿತ್ತು. ಟಿಕೋಟಾ, ಬಿಜ್ಜರಗಿ ಕಡೆಯ ನೇಕಾರರು ತಮ್ಮ ಹಾಸುಗಳನ್ನು ಗಾಡಿಯಲ್ಲಿ ನಮ್ಮ ಶೆಡ್ಡಿಗೆ ತರುತ್ತಿದ್ದರು. ನಾವು ಗಂಜಿ ಹಚ್ಚಿ, ಒಣಗಿಸಿ ಹಿಂದಕ್ಕೆ ಕೊಡುತ್ತಿದ್ದೆವು.

ನಮ್ಮ ಮ್ಯಾನೇಜರು ದೇಶಪಾಂಡೆಯವರು. ಮಿಲ್ಲುಗಳಲ್ಲಿ ಕೆಲಸ ಮಾಡಿ ಬಂದವರು. ಬೇಸಿಗೆಯಲ್ಲೂ ಕೋಟು ತೆಗೆಯುತ್ತಿರಲಿಲ್ಲ. ಕೆಟ್ಟವರಲ್ಲ. ಆದರೆ ಅಳತೆಗೆ ಸಿಗದ ಮಾತನ್ನು ಅವರು ಮಾತೆಂದೇ ಎಣಿಸುತ್ತಿರಲಿಲ್ಲ. ನನ್ನ ಮೇಜಿನ ಮೇಲೆ ಅವರು ತರಿಸಿಕೊಟ್ಟ ಒಂದು ಗಾಜಿನ ನಳಿಕೆ ಇತ್ತು. ಅದರ ನಡುವೆ ಕೂದಲೆಳೆಯಷ್ಟು ಸಣ್ಣ ದಾರಿ. ದ್ರವ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ನೋಡುವುದು ನನ್ನ ಕೆಲಸ. ಬರೀ ನೀರು ಮೂವತ್ತು ಸೆಕೆಂಡಿಗೆ ಇಳಿಯುತ್ತಿತ್ತು. ಗಂಜಿಯ ನೀರು ದಪ್ಪವಾದಷ್ಟೂ ಹೊತ್ತು ಹೆಚ್ಚು.

ಮೊದಲ ಬೇಸಿಗೆಯಲ್ಲೇ ಎಡವಿದೆ. ಬೆಳಿಗ್ಗೆ ಸರಿ ಇದ್ದ ಗಂಜಿ ಮಧ್ಯಾಹ್ನಕ್ಕೆ ತೆಳ್ಳಗಾಗಿದೆ ಎಂದು ದಿನಾ ಬರೆದೆ. ಒಂದು ವಾರ ನೋಡಿ ದೇಶಪಾಂಡೆಯವರು ನನ್ನನ್ನು ಕರೆದರು.

"ಗಂಜಿ ಮಧ್ಯಾಹ್ನ ತೆಳ್ಳಗ ಆಗ್ತದೋ, ನಿನ್ನ ಖೋಲಿ ಬಿಸಿ ಆಗ್ತದೋ?" ಎಂದು ಕೇಳಿದರು.

ಬಿಸಿಯಾದ ದ್ರವ ಬೇಗ ಹರಿಯುತ್ತದೆಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಮರೆತಿದ್ದೆ. ಅಂದಿನಿಂದ ನಳಿಕೆಯನ್ನು ಒಂದೇ ಕಾವಿನ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಅಳೆಯತೊಡಗಿದೆ. ಇನ್ನು ನನ್ನ ಅಳತೆಯಲ್ಲಿ ತಪ್ಪಿಗೆ ಜಾಗವೇ ಇಲ್ಲ ಎಂಬ ಧೈರ್ಯ ಬಂತು. ಆ ಧೈರ್ಯವೇ ಮುಂದೆ ಮುಳುವಾಯಿತು.

ಗಂಜಿ ಕುದಿಸುತ್ತಿದ್ದವನು ಬೀರಪ್ಪ. ಬಿಜ್ಜರಗಿಯ ಕಂಬಳಿ ನೇಕಾರ, ಐವತ್ತು ದಾಟಿದವನು. ಊರಿನಲ್ಲಿ ಎಲ್ಲರ ಹಾಸಿಗೂ ಅವನೇ ಗಂಜಿ ಹಚ್ಚುತ್ತಿದ್ದ. ಅದಕ್ಕೇ ದೇಶಪಾಂಡೆಯವರು ಅವನನ್ನು ಕರೆಸಿದ್ದರು. ಬೀರಪ್ಪ ಗಂಜಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಕಣ್ಣು ಮುಚ್ಚಿ, "ಇನ್ನ ಎರಡ ಕುದಿ ಬೇಕು" ಎನ್ನುತ್ತಿದ್ದ. ನಾನು ಅಳೆದರೆ ಅವನ ಮಾತೇ ನಿಜವಾಗಿರುತ್ತಿತ್ತು.

ಒಮ್ಮೆ ಜೈನಾಪುರದಿಂದ ಹುಣಸೆ ಬೀಜದ ಚೀಲಗಳು ಬಂದವು. ಅವುಗಳ ಗಂಜಿಗೆ ಎಷ್ಟು ಕುದಿಸಿದರೂ ಅಂಟು ಬರುತ್ತಿರಲಿಲ್ಲ. ನಾನು ಅರ್ಧ ದಿನ ಹಿಟ್ಟು ತೂಗಿ, ಸೋಸಿ, ಅಳೆದು ಒದ್ದಾಡಿದೆ. ಬೀರಪ್ಪ ಒಂದು ಬೀಜವನ್ನು ಹಲ್ಲಿನಲ್ಲಿ ಕಡಿದು ಉಗುಳಿ, "ಹುರದಿದ್ದು ಹೆಚ್ಚಾಗೇತ್ರಿ. ಒಳಗ ಕರಕಾಗೇತಿ" ಎಂದ. ಎಲ್ಲರೂ ನನ್ನ ತಕ್ಕಡಿ ನೋಡಿ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುಚ್ಚಿತು. ಈ ಚುಚ್ಚಿದ್ದನ್ನು ಇಲ್ಲಿ ಮುಚ್ಚಿಡದೆ ಬರೆಯಲೇಬೇಕು. ಮುಂದಿನದಕ್ಕೆ ಅದೂ ಒಂದು ಕಾರಣ.

ದೇಶಪಾಂಡೆಯವರು ಹೊಸ ಪದ್ಧತಿ ತಂದರು. ಅಲ್ಲಿಯವರೆಗೆ ದಪ್ಪ ಗಂಜಿಯನ್ನು ಕುಂಚದಿಂದ ಹಚ್ಚುತ್ತಿದ್ದೆವು. ಇನ್ನು ತೀರಾ ತೆಳುವಾದ ಗಂಜಿನೀರನ್ನು ಎತ್ತರದ ಹಂಡೆಯಿಂದ ಸಣ್ಣ ತಾಮ್ರದ ಕೊಳವೆಗಳಲ್ಲಿ ಇಳಿಸಿ, ಹಾಸಿನ ಮೇಲೆ ಹಲವು ಸಲ ಹನಿಸಬೇಕು. ಕೊಳವೆಗಳು ಬಹಳ ಉದ್ದ, ಒಳಗಿನ ದಾರಿ ಸೂಜಿ ಹೋಗುವಷ್ಟು. ಕೊಳವೆಯ ಬದಿಯಲ್ಲಿ ಒಂದು ಚಿಕ್ಕ ತೂತು. ಅದರಿಂದ ಒಸರುವ ಹನಿಗಳನ್ನು ಬಟ್ಟಲಲ್ಲಿ ಹಿಡಿದು ನಾನು ಅಳೆಯಬೇಕು. ಕೆಲಸ ನಿಲ್ಲಿಸದೆ ಪರೀಕ್ಷೆ ಮಾಡುವ ಆ ಉಪಾಯ ನನಗೆ ಬಹಳ ಹಿಡಿಸಿತು.

ಹೊಸ ಗಂಜಿನೀರು ಐವತ್ತು ಸೆಕೆಂಡು ತೋರಿಸಬೇಕಿತ್ತು. ಬಟ್ಟಲಿನ ಗಂಜಿ ನಲವತ್ತಮೂರು ತೋರಿಸಿತು. ಮರುದಿನವೂ ಅಷ್ಟೇ. ಮೂರು ನಾಲ್ಕು ವಾರ ಅಷ್ಟೇ. ಅದೇ ಹೊತ್ತಿಗೆ ಸೈನ್ಯದ ಡಿಪೋದಿಂದ ಒಂದು ಗಾಡಿ ಕಂಬಳಿ ವಾಪಸು ಬಂತು. ಹಾಸಿನ ಎಳೆ ಹರಿದಿವೆ ಎಂದು ಬರೆದಿದ್ದರು. ಆ ಎಳೆಗಳು ಯಾಕೆ ಹರಿದವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ವರ್ಷದ ಉಣ್ಣೆಯ ಎಳೆಯೇ ಗಿಡ್ಡವಿತ್ತೆಂದು ಆಮೇಲೆ ಕೆಲವರು ಹೇಳಿದರು. ಅಂದು ಮಾತ್ರ ಎಲ್ಲರ ಕಣ್ಣು ನಾನು ಅಳತೆ ಬರೆದಿಡುತ್ತಿದ್ದ ವಹಿಯ ಮೇಲೆ ಬಿತ್ತು.

ದೇಶಪಾಂಡೆಯವರು ಬೀರಪ್ಪನನ್ನು ಕರೆಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಬೀರಪ್ಪಾ, ಹಂಡೇದಾಗ ನೀರು ಹೆಚ್ಚಿಗಿ ಹಾಕಾಕತ್ತೀಯೇನು?"

"ಇಲ್ರಿ ಸಾಹೇಬ್ರ. ನೀವ ಬರದ ಕೊಟ್ಟ ಅಳತೀನ ಹಾಕೇನಿ."

"ಮಾಸ್ತರ ಅಳದಾನ. ತೆಳ್ಳಗ ಅದ."

ಬೀರಪ್ಪ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಯಾವುದೋ ಲೆಕ್ಕ ಬಿಡಿಸುವವನಂತೆ ನಿಧಾನವಾಗಿ ಹೇಳಿದ: "ಮಾಸ್ತರ, ಬದಿ ತೂತಿನ ಗಂಜಿ ಬೆರಳಿಗೆ ಬ್ಯಾರೆ ಹತ್ತತೈತ್ರಿ, ಕೊಳವಿ ಬಾಯಾಗಿಂದು ಬ್ಯಾರೆ ಹತ್ತತೈತಿ. ನಾನೂ ನೋಡೇನಿ. ಹರಿಯೂ ಮುಂದ ಏನೋ ಆಗಾಕತ್ತೇತಿ. ಒಂದ ಸಲ ಕೊಳವಿ ಬಾಯಿ ಮುಚ್ಚಿ, ಗಂಜಿ ನಿಂತ ಮ್ಯಾಲ ಬದಿಯಿಂದ ತಗದ ನೋಡ್ರಿ."

ಒಂದೇ ಕೊಳವೆಯ ಗಂಜಿ ಹರಿಯುವಾಗ ಬದಿಯಲ್ಲಿ ಒಂದು ಥರ, ಬಾಯಲ್ಲಿ ಒಂದು ಥರ ಇರುವುದು ಹೇಗೆ ಸಾಧ್ಯ ಎಂದು ನನಗೆ ನಗು ಬಂತು. ಸಕ್ಕರೆ ಕರಗಿದ ನೀರು ಲೋಟದ ಅಂಚಿನಲ್ಲಿ ಸಪ್ಪಗಿದ್ದು ನಡುವೆ ಸಿಹಿಯಾಗಿರುತ್ತದೆಯೇ? ಸಿಕ್ಕಿಬಿದ್ದವನು ಆಡುವ ಮಾತು ಅಂದುಕೊಂಡೆ. ಕೊಳವೆ ಮುಚ್ಚಿ ನೋಡುವುದಕ್ಕೆ ಅರ್ಧ ತಾಸು ಸಾಕಿತ್ತು. ನೋಡಲಿಲ್ಲ. ಬೀಜ ಕಡಿದು ನನ್ನನ್ನು ನಗೆಪಾಟಲು ಮಾಡಿದವನು ಸಿಕ್ಕಿಬಿದ್ದನೆಂದು ಒಳಗೊಳಗೆ ಖುಷಿಯಾಗಿತ್ತು.

ವರದಿ ಬರೆದೆ. "ಗಂಜಿಯಲ್ಲಿ ನಿಗದಿಗಿಂತ ಹೆಚ್ಚು ನೀರಿರುವುದು ಪರೀಕ್ಷೆಯಿಂದ ಸಿದ್ಧವಾಗಿದೆ." ಕೆಳಗೆ ಸಹಿ, ಕಾರಖಾನೆಯ ಮೊಹರು, ಅಂದರೆ ಶಿಕ್ಕಾ. ಬೀರಪ್ಪನನ್ನು ಕೆಲಸದಿಂದ ತೆಗೆದರು. ವರದಿ ಸೈನ್ಯದ ಡಿಪೋಗೆ ಹೋಯಿತು, ಒಂದು ನಕಲು ಬಿಜ್ಜರಗಿಯ ನೇಕಾರರಿಗೂ ಹೋಯಿತು. ನಿಮ್ಮ ಕಂಬಳಿ ವಾಪಸು ಬಂದದ್ದು ಇವನಿಂದ ಎಂದು ಅದರ ಜೊತೆಗಿನ ಪತ್ರದಲ್ಲಿ ಇತ್ತಂತೆ.

ನಾಲ್ಕು ತಿಂಗಳ ಮೇಲೆ ಹೊಸಬನೊಬ್ಬ ಗಂಜಿ ಕುದಿಸಲು ಬಂದ. ಬಟ್ಟಲಿನ ಗಂಜಿ ನಲವತ್ತಮೂರನ್ನೇ ತೋರಿಸಿತು. ಇವನೂ ನೀರು ಬೆರೆಸುತ್ತಾನೆಂದು ಬರೆಯಲು ಪೆನ್ನು ಹಿಡಿದೆ. ಆ ಮನುಷ್ಯ ಕೈ ಮುಗಿದು, "ಮಾಸ್ತರ, ನೀವ ಬಂದ ಕುದಸರಿ, ನಾ ಮುಟ್ಟೂದಿಲ್ಲ" ಎಂದ. ಸರಿ, ಅವನ ಬಾಯಿ ಮುಚ್ಚಿಸೋಣವೆಂದು ಮರುದಿನ ನಾನೇ ಹಿಟ್ಟು ತೂಗಿದೆ, ನಾನೇ ನೀರು ಅಳೆದೆ, ನಾನೇ ಕುದಿಸಿದೆ. ಯಾರನ್ನೂ ಹಂಡೆಯ ಹತ್ತಿರ ಬಿಡಲಿಲ್ಲ. ಹಂಡೆಯೊಳಗಿಂದ ತೆಗೆದ ಗಂಜಿ ಸರಿಯಾಗಿ ಐವತ್ತು ಸೆಕೆಂಡು ತೋರಿಸಿತು.

ಅದನ್ನೇ ಕೊಳವೆಗೆ ಬಿಟ್ಟೆ. ಬದಿಯ ತೂತಿನಿಂದ ಒಸರಿದ್ದನ್ನು ಬಟ್ಟಲಲ್ಲಿ ಹಿಡಿದು ಅಳೆದೆ. ನಲವತ್ತಮೂರು.

ಮತ್ತೆ ಅಳೆದೆ. ನಳಿಕೆ ತೊಳೆದು ಅಳೆದೆ. ಬಟ್ಟಲಲ್ಲಿ ನೀರು ಉಳಿದಿತ್ತೋ ಏನೋ ಎಂದು ಒಣಗಿಸಿ ಅಳೆದೆ. ನಲವತ್ತಮೂರು. ನಾನು ಕುದಿಸಿದ ಗಂಜಿಗೆ ನೀರು ಬೆರೆಸಿದವರು ಯಾರು? ಕೊನೆಗೆ ಬೀರಪ್ಪ ಹೇಳಿದ್ದನ್ನು ಮಾಡಿದೆ. ಕೊಳವೆಯ ಬಾಯಿ ಮುಚ್ಚಿ, ಗಂಜಿ ನಿಲ್ಲಲು ಬಿಟ್ಟು, ಬದಿಯಿಂದ ಸ್ವಲ್ಪ ಸ್ವಲ್ಪವೇ ತೆಗೆದೆ. ಐವತ್ತು.

ಆ ವಾರವೆಲ್ಲ ಹುಚ್ಚನ ಹಾಗೆ ಅದನ್ನೇ ಮಾಡಿದೆ. ಹಂಡೆಯನ್ನು ಇನ್ನಷ್ಟು ಎತ್ತರಕ್ಕೆ ಏರಿಸಿ ಗಂಜಿಯನ್ನು ಜೋರಾಗಿ ಹರಿಸಿದರೆ ಬದಿಯದು ನಲವತ್ತೊಂದಕ್ಕೆ ಇಳಿಯುತ್ತಿತ್ತು. ನಿಧಾನ ಹರಿಸಿದರೆ ನಲವತ್ತೇಳು. ಬರೀ ಸಕ್ಕರೆ ನೀರು ಹರಿಸಿದರೆ ಎಲ್ಲಿ ತೆಗೆದರೂ ಒಂದೇ. ಹಳೆಯ ಕುಂಚದ ಕಾಲದ ದಪ್ಪ ಗಂಜಿಯನ್ನು ಹೇಗೋ ಒತ್ತಿ ಹರಿಸಿದಾಗ ವ್ಯತ್ಯಾಸ ಕಾಣಲೇ ಇಲ್ಲ. ತೆಳುವಾದ ಗಂಜಿ ಹರಿಯುವಾಗ ಮಾತ್ರ ಅದರ ಅಂಟು ಕೊಳವೆಯ ಗೋಡೆ ಬಿಟ್ಟು ನಡುವಿಗೆ ಸರಿಯುತ್ತಿತ್ತು. ಗೋಡೆಗೆ ಉಳಿಯುವುದು ನೀರೇ ಹೆಚ್ಚು. ನನ್ನ ತೂತು ಇದ್ದದ್ದು ಗೋಡೆಯಲ್ಲಿ.

ಯಾಕೆ ಹಾಗೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಕಾಲೇಜಿನ ಪ್ರಯೋಗಶಾಲೆಯಲ್ಲಿದ್ದಾಗ. ಅಲ್ಲಿನ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದರು. ಸಕ್ಕರೆಯ ಅಣು ಸಣ್ಣದು. ಹುಣಸೆ ಬೀಜದ ಅಂಟಿನ ಅಣು ಮಾತ್ರ ಉದ್ದನೆಯ ಎಳೆ. ನಿಂತ ನೀರಿನಲ್ಲಿ ಅದು ಉಂಡೆಯಾಗಿ ಮುದುಡಿ ತೇಲುತ್ತದೆ. ಕೊಳವೆಯ ನಡುವೆ ನೀರು ಬೇಗ ಓಡುತ್ತದೆ, ಗೋಡೆಯ ಹತ್ತಿರ ಹಿಂದೆ ಬೀಳುತ್ತದೆ. ಈ ವೇಗದ ವ್ಯತ್ಯಾಸ ಎಳೆಯನ್ನು ಜಗ್ಗಿ ಉದ್ದ ಮಾಡುತ್ತದೆ. ಜಗ್ಗಿದ ಎಳೆ ಮತ್ತೆ ಮುದುಡಲು ಹವಣಿಸುತ್ತ ಸುತ್ತಲಿನ ನೀರನ್ನು ಕದಡುತ್ತದೆ. ಹಾಗೆ ಕದಡಿದ ನೀರಿಗೆ ಗೋಡೆಯ ಕಡೆ ಜಾಗವಿಲ್ಲ. ಅದು ತಿರುಗಿ ಎಳೆಯನ್ನೇ ಗೋಡೆಯಿಂದ ನಡುವಿನ ಕಡೆ ತಳ್ಳುತ್ತದೆ. ಗಂಜಿ ದಪ್ಪವಿದ್ದರೆ ಎಳೆಗಳು ಒಂದಕ್ಕೊಂದು ತೊಡರಿಕೊಂಡು ಹೀಗೆ ಸರಿಯಲಾರವು. ಅವರು ಹೇಳುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ. ಆದರೆ ನನ್ನ ಕಿವಿಯಲ್ಲಿ ಕೇಳಿಸುತ್ತಿದ್ದುದು "ಹರಿಯೂ ಮುಂದ ಏನೋ ಆಗಾಕತ್ತೇತಿ" ಎಂಬ ಮಾತು.

ಆ ವಾರದ ಪ್ರಯೋಗ ಮುಗಿಸಿ ದೇಶಪಾಂಡೆಯವರ ಬಳಿ ಹೋದೆ. ಅವರನ್ನು ಕರೆತಂದು ಕಣ್ಣೆದುರೇ ಅಳೆದು ತೋರಿಸಿದೆ. ಅವರೇ ಸ್ಟಾಪ್‌ವಾಚು ಹಿಡಿದರು. ಎರಡು ಸಲ ಅಳೆದು, ಕುರ್ಚಿಯಲ್ಲಿ ಕುಳಿತು, ಮೊದಲ ಸಲ ಕೋಟಿನ ಗುಂಡಿ ಬಿಚ್ಚಿದರು.

"ನಾನೂ ನೋಡಲಿಲ್ಲಲ್ಲೋ," ಎಂದರು.

"ಹೊಸಾ ವರದಿ ಬರದು ಕಳಸೋಣ್ರಿ ಸಾಹೇಬ್ರ."

ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟು ಹೇಳಿದರು: "ಆ ಕಾಗದ ಡಿಪೋಕ್ಕ ಮುಟ್ಯದ. ಅವರು ಒಪ್ಪಿಕೊಂಡಾರ. ಈಗ ನಮ್ಮ ಪರೀಕ್ಷಾನ ತಪ್ಪು ಅಂದರ ನಾಳಿಂದ ಯಾವ ಕಾಗದ ನಂಬತಾರ? ತೂತು ಮುಚ್ಚಸ್ತೀನಿ. ಇನ್ನ ಮ್ಯಾಲ ಹಂಡೇದಾಗಿಂದ ತಗದು ಅಳಿ. ಹಿಂದಿಂದು ಬಿಡು."

"ಬೀರಪ್ಪ ಕಾಕಾ?"

"ಬಿಡು ಅಂದೆ."

ಅಷ್ಟು ಒಳ್ಳೆಯ ಮನುಷ್ಯ ಅಷ್ಟು ಮೆತ್ತಗೆ ಆ ಮಾತು ಆಡಿದ್ದನ್ನು ಕೇಳಿ ನಾನು ದಂಗಾದೆ. ಆದರೆ ಅವರ ಮೇಲೆ ಸಿಟ್ಟು ಮಾಡಲು ನನಗೆ ಯಾವ ಹಕ್ಕಿತ್ತು? ಸಹಿ ನನ್ನದು.

ಮುಂದಿನ ರಜೆಯ ದಿನ ಸೈಕಲ್ ಹತ್ತಿ ಟಿಕೋಟಾ ದಾಟಿ ಬಿಜ್ಜರಗಿಗೆ ಹೋದೆ. ಅಷ್ಟರಲ್ಲಿ ಬೀರಪ್ಪನನ್ನು ಕೆಲಸದಿಂದ ತೆಗೆದು ಐದು ತಿಂಗಳಾಗಿತ್ತು. ಅವನ ಹೆಂಡತಿ ಹೊರಗೆ ಉಣ್ಣೆ ಹಿಂಜುತ್ತ ಕುಳಿತಿದ್ದಳು. ನಾನು ಯಾರೆಂದು ಹೇಳಿದೆ. ಅವಳ ಕೈ ನಿಂತಿತು.

"ಮತ್ತ ಕಾಗದ ತಂದೀರೇನು?" ಎಂದಳು.

"ಇಲ್ರೆವ್ವಾ. ಕಾಕಾನ್ನ ನೋಡಾಕ ಬಂದೇನಿ."

"ಇಲ್ಲಿ ಎಲ್ಲಿ ಅದಾನ? ನಿಮ್ಮ ಕಾಗದ ಓದಿ ಹೇಳಿದ ದಿನದಿಂದ ಊರಾಗ ಒಬ್ಬರೂ ಹಾಸು ತಂದ ಕೊಡಲಿಲ್ಲ. ಬಾವ್ಯಾಗ ನೀರ ಸೇದೂ ಮುಂದ ಹುಡುಗ್ರು, ಗಂಜಿಗಿ ಒಯ್ಯತೀ ಏನಬೇ ಅಂತ ಕೇಳತಿದ್ರು. ಬಬಲೇಶ್ವರಕ್ಕ ಮಗಳ ಮನಿಗಿ ಹೋಗ್ಯಾನ. ಇಲ್ಲಿ ಮುಖ ತೋರಸೂದಿಲ್ಲ ಅಂದಾನ."

ಅವಳು ಅಳಲಿಲ್ಲ, ಬೈಯಲಿಲ್ಲ. ಮತ್ತೆ ಉಣ್ಣೆ ಹಿಂಜತೊಡಗಿದಳು. ನನ್ನ ಒಂದು ಸಾಲಿನ ಬರಹ ಬಾವಿಕಟ್ಟೆಯವರೆಗೂ ಹೋಗಿತ್ತು. ಅಂಕಿ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಒಂದು ಬಟ್ಟಲು ಮಾತ್ರ.

ಮುಂದಿನ ವಾರ ಬಬಲೇಶ್ವರಕ್ಕೆ ಹೋದೆ. ಪೆಟ್ರೋಲ್ ಇಲ್ಲದ ಆ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುವ ಬಸ್ಸು, ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕು. ಬೀರಪ್ಪ ಅಳಿಯನ ಹೊಲದ ಬದುವಿನಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಸೊರಗಿದ್ದ. ನಾನು ನೆಲದ ಮೇಲೆ ಕುಳಿತು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಬೀಜದ ವಿಷಯದಲ್ಲಿ ಹೊಟ್ಟೆಕಿಚ್ಚು ಪಟ್ಟದ್ದನ್ನೂ ಹೇಳಿದೆ. ಅವನು ಹಗ್ಗ ಬಿಡದೆ ಕೇಳಿದ. ಬೈಗುಳಕ್ಕೆ ಕಾಯುತ್ತ ನಾನು ತಲೆ ತಗ್ಗಿಸಿದ್ದೆ.

"ನಿಂತಾಗ ಎಷ್ಟ ಬಂತ್ರಿ?" ಎಂದ.

ನನಗೆ ಅರ್ಥವಾಗಲಿಲ್ಲ.

"ಕೊಳವಿ ಬಾಯಿ ಮುಚ್ಚಿ ತಗದ್ರೆಲ್ಲ. ಆವಾಗ ಎಷ್ಟ ಸೆಕೆಂಡ ಬಂತು?"

"ಐವತ್ತು, ಕಾಕಾ."

"ಹಂಡೇದಾಗಿಂದು?"

"ಅದೂ ಐವತ್ತು."

ಅವನು ಹೊಸೆಯುವುದನ್ನು ನಿಲ್ಲಿಸಿ, ಅಂಗೈ ನೋಡಿಕೊಂಡ. "ಹಂಗಂದ್ರ ನನ್ನ ಬೆರಳು ಸರಿ ಇದ್ವು," ಎಂದ. "ಐದ ತಿಂಗಳಾತು, ಕೈಯೇ ಕೆಟ್ಟಾವೇನೋ ಅಂದುಕೊಂಡಿದ್ದೆ. ಅಳತಿ ತಪ್ಪಿದ್ದು ನನಗ ತಿಳೀಲಿಲ್ಲೇನೋ, ಮುಪ್ಪಾತೇನೋ ಅಂತ."

ಅವನು ನನ್ನನ್ನು ಶಪಿಸಿರಬಹುದೆಂದು ಎಣಿಸಿದ್ದೆ. ತನ್ನ ಕೈಯನ್ನೇ ಅನುಮಾನಿಸಿರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಏನು ಮಾಡಲಿ ಎಂದು ಕೇಳಿದೆ.

"ಇದನ್ನ ನಮ್ಮೂರಾಗ ಹೇಳ್ರಿ. ನನಗ ಹೇಳಿದ್ದಷ್ಟ ಸಾಲದು."

ಹೇಳಿದರೆ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಹೋಯಿತು ಕೂಡ. ದೇಶಪಾಂಡೆಯವರು ಸಿಟ್ಟಾಗದೆ ಕೈ ಕುಲುಕಿಯೇ ಕಳಿಸಿದರು. ಒಂದು ವರ್ಷ ಅಪ್ಪನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದೆ. ಆಮೇಲೆ ಕಾಲೇಜಿನ ಪ್ರಯೋಗಶಾಲೆ ಸೇರಿ ಅಲ್ಲೇ ನಿವೃತ್ತನಾದೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಹೇಳಬೇಕಾದದ್ದು ಬಿಜ್ಜರಗಿಯ ಆ ಬೆಳಗು.

ನೇಕಾರರು ಹಾಸು ಚಾಚುವ ಬಯಲಿನಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಬೀರಪ್ಪ ನನ್ನ ಪಕ್ಕದಲ್ಲಿ ನಿಂತಿದ್ದ. ಅವನ ಹೆಂಡತಿ ದೂರದಲ್ಲಿ, ಗೋಡೆಗೆ ಒರಗಿ. ನಾನು ಒಂದು ಹಂಡೆ, ಒಂದು ತಾಮ್ರದ ಕೊಳವೆ, ನಳಿಕೆ ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದೆ. ಗಂಜಿ ಹರಿಸಿದೆ. ಬದಿಯದನ್ನೂ ಬಾಯಿಯದನ್ನೂ ಬೇರೆ ಬೇರೆ ಬಟ್ಟಲಲ್ಲಿ ಹಿಡಿದು, ಒಬ್ಬೊಬ್ಬರ ಕೈಗೆ ಕೊಟ್ಟೆ. ಅವರಿಗೆ ನಳಿಕೆ ಬೇಕಾಗಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು.

"ಬೀರಪ್ಪ ಕಾಕಾ ಒಂದ ಹನಿ ನೀರೂ ಹೆಚ್ಚಿಗಿ ಹಾಕಿಲ್ಲ," ಎಂದೆ. "ಆ ಕಾಗದ ಬರದಾಂವ ನಾ. ತಪ್ಪು ನಂದು."

ಮುಂದೆ ಕುಳಿತಿದ್ದ ಮುದುಕ ಮಾಳಪ್ಪ ಎದ್ದ. ಊರಿನಲ್ಲಿ ಎಲ್ಲರಿಗಿಂತ ಹಿರಿಯ ನೇಕಾರ. ಕಾಗದ ಬಂದ ದಿನ, ಗಂಜಿ ಹಚ್ಚಲು ಬೀರಪ್ಪನಿಗೆ ಕೊಟ್ಟಿದ್ದ ತನ್ನ ಹಾಸನ್ನು ಮೊದಲು ವಾಪಸು ತಂದವನು ಅವನೇ ಎಂದು ಆಮೇಲೆ ತಿಳಿಯಿತು. ನನಗೆ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಮಾಸ್ತರ, ನೀವು ಬಂದ ಹೇಳಿದ್ದು ಚಲೋ ಆತು," ಎಂದ. "ಆದರ ನಮಗ ಇದು ಗೊತ್ತಿತ್ತು. ಮೂವತ್ತ ವರ್ಷ ಇವನ ಗಂಜೀನ ಹಚ್ಚೇನಿ. ಆ ದಿನಾನೂ ಹಾಸಿನ ಮ್ಯಾಲ ಕೈ ಆಡಿಸಿದ್ದೆ. ಗಟ್ಟಿ ಇತ್ತು. ನನ್ನ ಕೈ ಹೇಳಿತ್ತು, ಬೀರ್ಯಾ ನೀರ ಹಾಕಿಲ್ಲಂತ. ಕಾಗದದ ಮ್ಯಾಲ ಶಿಕ್ಕಾ ಇತ್ತು ನೋಡ್ರಿ. ನನ್ನ ಕೈ ಸುಳ್ಳ ಅಂದೆ."

ಅವನು ಮನೆಯ ಕಡೆ ನಡೆದ. ಜನ ಹಾಗೆಯೇ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಇನ್ನೂ ಗಂಜಿ ಹಚ್ಚದ ಒಂದು ಹಾಸಿನ ಸುರುಳಿ ಹೊತ್ತು ತಂದು ಬೀರಪ್ಪನ ಕಾಲ ಬಳಿ ಇಳಿಸಿದ. ಬೀರಪ್ಪ ಅದನ್ನು ನೋಡುತ್ತ ನಿಂತ. ಮುಟ್ಟಲಿಲ್ಲ. ಎಷ್ಟು ಹೊತ್ತಾಯಿತೆಂದರೆ, ಮಾಳಪ್ಪನ ತಲೆ ನಿಧಾನವಾಗಿ ಕೆಳಗೆ ಬಾಗಿತು.

ಕೊನೆಗೆ ಗೋಡೆಯ ಕಡೆಯಿಂದ ಬೀರಪ್ಪನ ಹೆಂಡತಿಯ ದನಿ ಬಂತು. "ಬಿಸಲ ಏರಾಕತ್ತೈತಿ. ಹಚ್ಚೂದಾದರ ಹಚ್ಚು, ಇಲ್ಲಾಂದರ ಇಲ್ಲ ಅನ್ನು. ಮುದುಕನ್ನ ನಿಂದರಸಬ್ಯಾಡ."

ಬೀರಪ್ಪ ಬಗ್ಗಿ ಸುರುಳಿಯ ಒಂದು ತುದಿ ಎತ್ತಿದ. ಇನ್ನೊಂದು ತುದಿಯನ್ನು ಮಾಳಪ್ಪ ಹಿಡಿದ. ಹಾಸು ಬಯಲಿನ ಉದ್ದಕ್ಕೂ ಬಿಚ್ಚಿಕೊಂಡಿತು. ನಾನು ನನ್ನ ನಳಿಕೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ಬದಿಗೆ ಸರಿದು ನಿಂತೆ. ಅಲ್ಲಿ ಅದರ ಕೆಲಸವೇನೂ ಉಳಿದಿರಲಿಲ್ಲ.